ಆರು ಆಸಿಲೇಟರ್, ಒಂದು ಬ್ಯಾಟರಿ

ಸಿಂಥಸೈಸರ್ ಎಂದರೆ ದುಬಾರಿ ಕೀಬೋರ್ಡ್ ಎಂದುಕೊಂಡವರೇ ಹೆಚ್ಚು. ನಾನು ಕಟ್ಟುವುದು, ಕಲಿಯಲು ಬರುವ ಹುಡುಗ ಹುಡುಗಿಯರ ಕೈಯಲ್ಲಿ ಕಟ್ಟಿಸುವುದು ತೀರಾ ಸಣ್ಣದು: 14 ಕಾಲಿನ ಒಂದು ಐ.ಸಿ., ಒಂದು ಹಿಡಿ ರೆಸಿಸ್ಟರ್, ಕೆಪಾಸಿಟರ್, 9 ವೋಲ್ಟಿನ ಬ್ಯಾಟರಿ. ಇದಕ್ಕೆ ಮನೆಗಳಿಲ್ಲ, ಒತ್ತಲು ಕೀಲಿಯಿಲ್ಲ. ಶ್ರುತಿಯಲ್ಲಿ ನಿಲ್ಲು ಎಂದರೆ ನಿಲ್ಲುವುದೂ ಇಲ್ಲ. ಸದ್ದನ್ನು ರೆಕಾರ್ಡ್ ಮಾಡಿ, ಕತ್ತರಿಸಿ, ಕಂಪ್ಯೂಟರಿನ ಸ್ಯಾಂಪ್ಲರ್‌ಗೆ ತುಂಬಿದ ಮೇಲೆಯೇ ಅದು ನುಡಿಸುವಂಥ ವಾದ್ಯವಾಗುವುದು. ಹಾಗಾಗಿ ಮೊದಲು ಕಟ್ಟೋಣ, ಆಮೇಲೆ ರೆಕಾರ್ಡ್ ಮಾಡೋಣ ಎಂಬ ಪಾಲುಪಟ್ಟಿ ಇಲ್ಲಿ ನಡೆಯುವುದಿಲ್ಲ. ಎರಡೂ ಒಟ್ಟಿಗೇ ಸಾಗಬೇಕು.

1. "ಎರಡೂ ಒಂದೇ ಸಾರ್" ಎಂದರೆ ನಂಬಬೇಡಿ

ಬೆಂಗಳೂರಿನವರು ಬಿಡಿಭಾಗಕ್ಕೆ ಎಸ್.ಪಿ. ರೋಡ್‌ಗೆ ಹೋಗುವುದು ರೂಢಿ. ಕೇಳಬೇಕಾದದ್ದು ಸಿಡಿ 40106. ಅದು ಇಲ್ಲದಿದ್ದರೆ ಕೆಲವರು 74 ಎಚ್‌ಸಿ 14 ಕೈಗಿಟ್ಟು, "ಎರಡೂ ಒಂದೇ ಸಾರ್, ಪಿನ್ ಟು ಪಿನ್ ಸೇಮ್" ಎನ್ನುತ್ತಾರೆ. ಪಿನ್ನುಗಳ ಮಟ್ಟಿಗೆ ಆ ಮಾತು ನಿಜವೇ. ಆದರೆ 40106 ಎಂಬುದು 3 ವೋಲ್ಟಿನಿಂದ 15 ವೋಲ್ಟಿನವರೆಗೆ ಆರಾಮಾಗಿ ಓಡುತ್ತದೆ, 74 ಎಚ್‌ಸಿ 14ರ ಮಿತಿ 6 ವೋಲ್ಟ್. 9 ವೋಲ್ಟ್ ಕೊಟ್ಟರೆ ಅದರ ಕಥೆ ಮುಗಿಯಿತು. ಐ.ಸಿ. ಮೇಲಿನ ಅಕ್ಷರವನ್ನು ಅಂಗಡಿಯಲ್ಲೇ ಓದಿ, ಹೆಚ್ಚುವರಿಯಾಗಿ ಒಂದೆರಡು ತನ್ನಿ. 14 ಪಿನ್ನಿನ ಸಾಕೆಟ್ ಮರೆಯಬೇಡಿ.

2. ಒಂದನ್ನು ಅರ್ಥ ಮಾಡಿಕೊಂಡರೆ ಆರೂ ಆದಂತೆ

ಈ ಐ.ಸಿ.ಯೊಳಗೆ ಆರು ಇನ್ವರ್ಟರ್‌ಗಳಿವೆ. ಒಳಗೆ ವೋಲ್ಟೇಜ್ ಹೆಚ್ಚಿದ್ದರೆ ಹೊರಗೆ ಸೊನ್ನೆ, ಒಳಗೆ ಕಡಿಮೆಯಿದ್ದರೆ ಹೊರಗೆ ಪೂರ್ತಿ 9 ವೋಲ್ಟ್. ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ರೆಸಿಸ್ಟರ್, ಇನ್‌ಪುಟ್‌ನಿಂದ ಗ್ರೌಂಡಿಗೆ ಒಂದು ಕೆಪಾಸಿಟರ್ ಹಾಕಿದರೆ ಆಟ ಶುರು. ರೆಸಿಸ್ಟರ್ ಮೂಲಕ ಕೆಪಾಸಿಟರ್ ತುಂಬುತ್ತದೆ. ಅದರ ವೋಲ್ಟೇಜ್ ಮೇಲಿನ ಮಿತಿಯ ಗೆರೆ ದಾಟಿದೊಡನೆ ಔಟ್‌ಪುಟ್ ಸೊನ್ನೆಗೆ ಬೀಳುತ್ತದೆ, ಕೆಪಾಸಿಟರ್ ಅದೇ ದಾರಿಯಲ್ಲಿ ಖಾಲಿಯಾಗುತ್ತದೆ. ಕೆಳಗಿನ ಗೆರೆ ತಲುಪಿದಾಗ ಔಟ್‌ಪುಟ್ ಮತ್ತೆ ಮೇಲಕ್ಕೆ. ಹೀಗೆ ತಾನೇ ತಾನಾಗಿ ಏರಿಳಿಯುತ್ತಿರುವುದೇ ಆಸಿಲೇಟರ್. ಎರಡು ಗೆರೆಗಳ ನಡುವೆ ಅಂತರವಿರುವುದೇ ಇದರ ಜೀವಾಳ; ಇಂಥ ಇನ್‌ಪುಟ್‌ಗೆ ಶ್ಮಿಟ್ ಟ್ರಿಗರ್ ಎನ್ನುತ್ತಾರೆ. ಈ ಟ್ರಿಗರ್‌ಗೆ ತನ್ನ ಹೆಸರು ಕೊಟ್ಟ ಅಮೆರಿಕದ ಆಟೊ ಶ್ಮಿಟ್ 1930ರ ದಶಕದಲ್ಲಿ ಇದನ್ನು ರೂಪಿಸಿದ್ದು ಸಂಗೀತಕ್ಕಲ್ಲ. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ನರದಲ್ಲಿ ಸಂಕೇತ ಹೇಗೆ ಸಾಗುತ್ತದೆ ಎಂದು ನೋಡುತ್ತಿದ್ದಾಗ ಹೊಳೆದದ್ದು.

ಪಿನ್ ಎಣಿಸುವಾಗ ಒಂದು ಎಚ್ಚರಿಕೆ. ಒಂದು ಬದಿಯಲ್ಲಿ 1 ಇನ್‌ಪುಟ್, 2 ಔಟ್‌ಪುಟ್. 3 ಮತ್ತು 4, 5 ಮತ್ತು 6 ಹಾಗೆಯೇ. 7 ಗ್ರೌಂಡ್. ಆಚೆ ಬದಿಗೆ ಬಂದಾಗ ಕ್ರಮ ತಿರುಗುತ್ತದೆ: 9 ಇನ್‌ಪುಟ್, 8 ಔಟ್‌ಪುಟ್, 11 ಮತ್ತು 10, 13 ಮತ್ತು 12. ಪ್ಲಸ್ 14ಕ್ಕೆ. "ಮೂರು ಕೂಗ್ತಿವೆ, ಇನ್ನು ಮೂರು ಕೂಗ್ತಿಲ್ಲ" ಎಂದು ಯಾರಾದರೂ ಬಂದರೆ ನಾನು ಮೊದಲು ನೋಡುವುದು 8ನೇ ಪಿನ್ನನ್ನು. ಬಳಸದ ಇನ್‌ಪುಟ್‌ಗಳನ್ನು ಗ್ರೌಂಡಿಗೆ ಕಟ್ಟಿಹಾಕಿ, ಗಾಳಿಯಲ್ಲಿ ಬಿಡಬೇಡಿ. 14 ಮತ್ತು 7ರ ನಡುವೆ, ಐ.ಸಿ.ಗೆ ಒತ್ತಿದಂತೆ, 0.1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇರಲಿ.

3. ಪಾಟ್ ಸುತ್ತುವಾಗ ಸ್ವರಗಳೆಲ್ಲ ಒಂದೇ ಮೂಲೆಗೆ ಸೇರುತ್ತವೆ

ರೆಸಿಸ್ಟರ್ ಜಾಗದಲ್ಲಿ 1 ಮೆಗಾಓಮ್ ಪಾಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್), ಅದರ ಜೊತೆ ಸರಣಿಯಲ್ಲಿ 10 ಕಿಲೋಓಮ್, ಕೆಪಾಸಿಟರ್ 0.1 ಮೈಕ್ರೋಫ್ಯಾರಡ್ ಎಂದಿಟ್ಟುಕೊಳ್ಳಿ. ಒಂದು ತುದಿಯಲ್ಲಿ ಸೆಕೆಂಡಿಗೆ ಹತ್ತು ಹನ್ನೆರಡು ಟಕಟಕ, ಇನ್ನೊಂದು ತುದಿಯಲ್ಲಿ ಸಾವಿರ ಹರ್ಟ್ಸ್ ದಾಟಿದ ಕೀರಲು. ಹೆಚ್ಚೂಕಡಿಮೆ ಆರೂವರೆ ಸ್ಥಾಯಿ ಒಂದೇ ಗುಂಡಿಯಲ್ಲಿ! ಆದರೆ ಕಂಪನಸಂಖ್ಯೆ ರೆಸಿಸ್ಟೆನ್ಸ್‌ಗೆ ವಿಲೋಮವಾಗಿ ಹೋಗುವುದರಿಂದ, ಕೆಳಗಿನ ತುದಿಯಿಂದ ಅರ್ಧ ಸುತ್ತು ತಿರುಗಿಸಿದರೂ ಸಿಗುವುದು ಒಂದೇ ಸ್ಥಾಯಿ. ಮೇಲಿನ ಕಟ್ಟಕಡೆಯ ಸ್ಥಾಯಿಯಂತೂ ಪೂರ್ತಿ ಸುತ್ತಿನ ನೂರರಲ್ಲಿ ಒಂದು ಪಾಲಿನಲ್ಲಿ ಮುದುಡಿರುತ್ತದೆ. ಉಗುರಿನ ತುದಿಯಲ್ಲಿ ತಳ್ಳಿದರೂ ಸ್ವರ ಹಾರಿಹೋಗುತ್ತದೆ. ಸ್ವರ ನಿಲ್ಲಿಸಬೇಕಾದ ಆಸಿಲೇಟರ್‌ಗೆ 100 ಕಿಲೋಓಮ್ ಪಾಟ್ ಸಾಕು. ಅದರ ಜೊತೆ ಸರಣಿಯಲ್ಲಿ 10 ಕಿಲೋಓಮ್‌ನ ಇನ್ನೊಂದು ಪಾಟನ್ನು ನಯವಾಗಿ ಸರಿಪಡಿಸಲು ಇಟ್ಟುಕೊಳ್ಳಿ. ದೊಡ್ಡ ಪಾಟನ್ನು ಸದ್ದು ಎಳೆದಾಡಿಸುವ ಆಟಕ್ಕೆ ಬಿಡಿ.

4. ಬಟಾಣಿ ಕೆಪಾಸಿಟರ್ ಬಿಸಿಗೆ ಬೆದರುತ್ತದೆ

104 (ಅಂದರೆ 0.1 ಮೈಕ್ರೋಫ್ಯಾರಡ್) ಎಂದು ಬರೆದಿರುವ ಕಂದು ಬಣ್ಣದ ಸೆರಾಮಿಕ್ ಡಿಸ್ಕ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಬೆಲೆಯೂ ಇಲ್ಲವೇ ಇಲ್ಲ ಎನ್ನಬೇಕು. ಆಸಿಲೇಟರ್ ಕೂಗುತ್ತಿರುವಾಗ ಅದನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ನೋಡಿ: ಮೈಬಿಸಿಗೇ ಸ್ವರ ಜಾರತೊಡಗುತ್ತದೆ. ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರ್ ಅಷ್ಟು ಅಲುಗುವುದಿಲ್ಲ. ಶ್ರುತಿ ಬೇಕಾದಲ್ಲಿ ಫಿಲ್ಮ್, ಚಂಚಲತೆ ಬೇಕಾದಲ್ಲಿ ಸೆರಾಮಿಕ್.

5. ಔಟ್‌ಪುಟ್‌ಗಳನ್ನು ಒಂದಕ್ಕೊಂದು ಗಂಟು ಹಾಕಬೇಡಿ

ಒಂದು 9 ವೋಲ್ಟ್ ಎಂದಾಗ ಇನ್ನೊಂದು ಸೊನ್ನೆ ಎನ್ನುತ್ತಿರುತ್ತದೆ. ನೇರ ಸೇರಿಸಿದರೆ ಒಂದರ ಮೇಲೊಂದು ಜಗಳ. ಪ್ರತಿ ಔಟ್‌ಪುಟ್‌ನಿಂದ 47 ಕಿಲೋಓಮ್ ತಂದು ಒಂದು ಜಾಗದಲ್ಲಿ ಸೇರಿಸಿ, ಅಲ್ಲಿಂದ ಗ್ರೌಂಡಿಗೆ 1 ಕಿಲೋಓಮ್ ಇಳಿಸಿ. ಆರೂ ಒಟ್ಟಿಗೆ ಕೂಗಿದರೂ ತುದಿಯಿಂದ ತುದಿಗೆ ಸುಮಾರು 1 ವೋಲ್ಟ್ ಮಾತ್ರ. ಲೈನ್ ಇನ್‌ಪುಟ್‌ಗೆ ಅದು ಹಿತವಾದ ಮಟ್ಟ. 10 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಒಂದನ್ನು, ಪ್ಲಸ್ ತುದಿ ಸರ್ಕ್ಯೂಟಿನ ಕಡೆಗಿರುವಂತೆ, ನಡುವೆ ಇಟ್ಟರೆ ಡಿ.ಸಿ. ಹೊರಗೆ ಬರುವುದಿಲ್ಲ. ಈ ಮೂರು ಭಾಗಗಳಿಲ್ಲದೆ 9 ವೋಲ್ಟನ್ನು ನೇರ ಲ್ಯಾಪ್‌ಟಾಪ್‌ಗೆ ಚುಚ್ಚುವ ಧೈರ್ಯ ಯಾರಿಗೂ ಬೇಡ.

6. ಮಂದ್ರ ಷಡ್ಜದಿಂದ ಪಂಚಮ ಹಿಡಿಯಿರಿ

ಸಂಗೀತ ಕಲಿತವರು ಈ ಪೆಟ್ಟಿಗೆಯ ಮುಂದೆ ಕೂತ ಕೂಡಲೇ ತಂಬೂರಿಯಂತೆ ಶ್ರುತಿ ಮಾಡಲು ಹೊರಡುತ್ತಾರೆ. ತಪ್ಪೇನಿಲ್ಲ. ಬೆಂಗಳೂರಿನಲ್ಲೇ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ ಮಾಡಿದ ಎಲೆಕ್ಟ್ರಾನಿಕ್ ತಂಬೂರಿ ಕೇಳಿ ಬೆಳೆದ ಕಿವಿಗಳು ನಮ್ಮವು. ಸರ್ಕ್ಯೂಟಿನಿಂದ ಷಡ್ಜ ಬರುತ್ತದೆಂದರೆ ನಮಗೆ ಆಶ್ಚರ್ಯವಿಲ್ಲ. ಆದರೆ ಒಂದು ಮನೆ ಶ್ರುತಿಯಲ್ಲಿ ಷಡ್ಜವನ್ನು 130.8 ಹರ್ಟ್ಸ್‌ಗೆ ನಿಲ್ಲಿಸಿ, ಎರಡನೇ ಆಸಿಲೇಟರನ್ನು ಅದರ ಪಂಚಮ 196.2ಕ್ಕೆ ತರಲು ಹೋದರೆ ಕಿವಿ ತಡಕಾಡುತ್ತದೆ. ತಂಬೂರಿಯಲ್ಲಿ ಅಷ್ಟು ಸ್ಪಷ್ಟವಾಗಿ ಕೇಳುವ ಅಲೆ, ಅಂದರೆ ಸದ್ದಿನ ಏರಿಳಿತ (ಬೀಟ್), ಇಲ್ಲಿ ಮಂಕು.

ಕಾರಣ ಆಸಿಲೇಟರಿನ ವಿದ್ಯುತ್ ಅಲೆಯ ಆಕಾರದಲ್ಲಿದೆ. ಏರಿ ಇಳಿಯುವ ಈ ಚೌಕ ಅಲೆಯಲ್ಲಿ ಬೆಸ ಸಂಖ್ಯೆಯ ಉಪಸ್ವರಗಳಷ್ಟೇ ಬಲವಾಗಿರುತ್ತವೆ: ಮೂರನೆಯದು ಮೂಲಸ್ವರದ ಮೂರನೇ ಒಂದು ಪಾಲು, ಐದನೆಯದು ಐದನೇ ಒಂದು ಪಾಲು, ಹೀಗೆ. ಷಡ್ಜದ ಮೂರನೇ ಉಪಸ್ವರವೂ ಪಂಚಮದ ಎರಡನೇ ಉಪಸ್ವರವೂ ಒಂದೆಡೆ ಸೇರಿದಾಗ ನಾವು ಅಲೆ ನಿಂತಿತು ಎನ್ನುತ್ತೇವೆ. ಇಲ್ಲಿ ಆ ಎರಡನೆಯದೇ ಇಲ್ಲದಂತಿರುತ್ತದೆ. ಹೆಚ್ಚಿನ ಐ.ಸಿ.ಗಳಲ್ಲಿ ಅಲೆಯ ಮೇಲರ್ಧ, ಕೆಳ ಅರ್ಧ ಸ್ವಲ್ಪ ಅಸಮವಾಗಿರುವುದರಿಂದ ಅದರ ಸುಳಿವಷ್ಟೇ ಉಳಿಯುತ್ತದೆ.

ದಾರಿ ಸುಲಭ. ಒಂದು ಆಸಿಲೇಟರನ್ನು ಮಂದ್ರ ಷಡ್ಜಕ್ಕೆ, 65.4 ಹರ್ಟ್ಸ್‌ಗೆ ಇಳಿಸಿ. ಅದರ ಮೂರನೇ ಉಪಸ್ವರ ಸರಿಯಾಗಿ 196.2, ಎಂದರೆ ಮಧ್ಯ ಸ್ಥಾಯಿಯ ಪಂಚಮವೇ. ಈಗ ಎರಡನೇ ಪಾಟ್ ತಿರುಗಿಸಿದರೆ ವಂವ್ ವಂವ್ ಎಂಬ ಅಲೆ ಎದ್ದು ಕೇಳುತ್ತದೆ, ನಿಧಾನವಾಗುತ್ತದೆ, ಹತ್ತಿರ ಬಂದಂತೆ ಮಲಗುತ್ತದೆ. ಅದೇ ಮಂದ್ರ ಷಡ್ಜದ ಐದನೇ ಉಪಸ್ವರ 327 ಹರ್ಟ್ಸ್, ತಾರ ಸ್ಥಾಯಿಯ ಅಂತರ ಗಾಂಧಾರ. ಒಳ್ಳೆಯ ತಂಬೂರಿಯಲ್ಲಿ ತಾನೇ ಹುಟ್ಟುತ್ತದೆ ಎನ್ನುವ ಗಾಂಧಾರ ಇಪ್ಪತ್ತು ಮೂವತ್ತು ರೂಪಾಯಿಯ ಐ.ಸಿ.ಯಲ್ಲೂ ಇದೆ ಎಂದು ಕೇಳಿಸಿದರೆ ವಿದ್ವಾಂಸರ ಮುಖ ನೋಡಬೇಕು! ಗಾಂಧಾರಕ್ಕೆ ಮೂರನೇ ಆಸಿಲೇಟರನ್ನೂ ಹಾಗೆಯೇ ಹಿಡಿಯಬಹುದು.

ಹಿಡಿದದ್ದು ಹತ್ತು ನಿಮಿಷ ನಿಲ್ಲುವುದಿಲ್ಲ. ಅದಕ್ಕೇ ಮುಂದಿನ ಮಾತು.

7. ಬೆಸುಗೆಗೆ ಮುಂಚೆಯೇ ರೆಕಾರ್ಡ್ ಒತ್ತಿ

ಬ್ರೆಡ್‌ಬೋರ್ಡಿನಲ್ಲಿ ತಂತಿಗಳು ಸಡಿಲವಾಗಿ ನಿಂತಿರುವ ಹೊತ್ತಿನ ಸದ್ದು ಬೆಸುಗೆ ಹಾಕಿ ಡಬ್ಬಿಗೆ ಕೂರಿಸಿದ ಮೇಲೆ ಬರುವುದಿಲ್ಲ. ಬೆರಳು ತಾಗಿದ ಕಡೆ ಚರ್ಮವೇ ರೆಸಿಸ್ಟರ್ ಆಗುತ್ತದೆ. ಮಾರ್ಚ್ ತಿಂಗಳ ಒಣ ಕೈಯ ಸದ್ದು ಬೇರೆ, ಆಷಾಢದ ಬೆವರು ಕೈಯದ್ದು ಬೇರೆ. ಇದನ್ನೆಲ್ಲ ಸರ್ಕ್ಯೂಟ್ ಮುಗಿದ ಮೇಲೆ ನೋಡೋಣ ಎಂದು ಮುಂದೂಡುವವರು ಡಬ್ಬಿಗೆ ಬಣ್ಣ ಬಳಿಯುವುದರಲ್ಲೇ ಕಳೆದುಹೋಗುತ್ತಾರೆ ಎಂಬುದು ನನ್ನ ಅನುಮಾನ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ನೆರವಿನಿಂದ ಒಂದು ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ ಎದ್ದಿತು. ಮೂಗ್ ಸಿಂಥಸೈಸರ್, ಪಕ್ಕದಲ್ಲೇ ಟೇಪ್ ಯಂತ್ರ. ಗೀತಾ ಸಾರಾಭಾಯಿ, ಎಸ್.ಸಿ. ಶರ್ಮ ಮೊದಲಾದವರು ಅಲ್ಲಿ ಕೆಲಸ ಮಾಡಿದರು. ಆ ಸ್ಟುಡಿಯೋ ಬಹಳ ವರ್ಷ ಬಾಳಲಿಲ್ಲ. ಆದರೂ ಅವರ ಕೆಲಸ ಇಂದು ನಮ್ಮ ಕಿವಿಗೆ ಬೀಳುತ್ತಿರುವುದು ಟೇಪುಗಳಿದ್ದವು ಎಂಬ ಕಾರಣಕ್ಕೆ. ಆಯ್ದ ಭಾಗಗಳು 2023ರಲ್ಲಿ ಆಲ್ಬಮ್ ಆಗಿ ಹೊರಬಂದವು.

ರೆಕಾರ್ಡರ್ ಓಡುತ್ತಿರಲಿ, ನಿಲ್ಲಿಸುವ ಅವಸರ ಬೇಡ. ಪಾಟ್ ಬದಲಿಸುವ ಮುನ್ನ ಮೈಕ್ ಇದ್ದರೆ ಬಾಯಲ್ಲೇ ಹೇಳಿಬಿಡಿ: "ಎರಡನೇದು ಅರ್ಧ, ನಾಲ್ಕನೇದು ಪೂರ್ತಿ, ಕೆಪಾಸಿಟರ್ 103." ಚೀಟಿಯಲ್ಲಿ ಬರೆದಿಟ್ಟದ್ದು ಸಿಗುವುದಿಲ್ಲ, ಹೇಳಿದ್ದು ಫೈಲಿನೊಳಗೇ ಇರುತ್ತದೆ.

8. ಲ್ಯಾಪ್‌ಟಾಪಿನ ಮೈಕ್ ಜ್ಯಾಕ್ ಮಾತಿಗಾಗಿ ಇರುವುದು

ಒಂದೇ ಸಮನೆ ಗುಂಯ್ ಎನ್ನುವುದನ್ನು ಫೋನು, ಲ್ಯಾಪ್‌ಟಾಪುಗಳ ನಾಯ್ಸ್ ಸಪ್ರೆಶನ್ ಫ್ಯಾನಿನ ಸದ್ದು ಎಂದುಕೊಂಡು ಅಳಿಸಲು ಹೊರಡುತ್ತದೆ. ನಮ್ಮ ಪೆಟ್ಟಿಗೆಯ ಕಸುಬೇ ಗುಂಯ್ ಎನ್ನುವುದು! ಆ ಸೆಟ್ಟಿಂಗ್ ಆಫ್ ಮಾಡಿ, ಇಲ್ಲವೇ ಸಾಧಾರಣ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಒಂದನ್ನು ಬಳಸಿ. ಮಟ್ಟ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ, 24 ಬಿಟ್‌ನಲ್ಲಿ ಅಷ್ಟು ಕೆಳಗಿದ್ದರೆ ನಷ್ಟವಿಲ್ಲ.

ಚಾರ್ಜರ್ ಕಿತ್ತಿಡಿ. ಅದರ ಮೂಲಕ ಬರುವ 50 ಹರ್ಟ್ಸ್ ಹಮ್ ಮಂದ್ರ ಸ್ವರಗಳ ಜೊತೆ ಬೆರೆತರೆ ಆಮೇಲೆ ಬಿಡಿಸುವುದು ಕಷ್ಟ. ಸಿಂಥ್ ಬ್ಯಾಟರಿಯಲ್ಲಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಬೀದಿಯಲ್ಲಿ ಕರೆಂಟ್ ಹೋಗಿದೆ: ನನ್ನ ಪಾಲಿಗೆ ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ವಿದ್ಯುತ್ ಕಂಪನಿಗೆ ಬೈಯುವ ಹೊತ್ತಿನಲ್ಲಿ ಎರಡು ಒಳ್ಳೆಯ ಟೇಕ್ ಆಗಿರುತ್ತದೆ.

9. ಒಮ್ಮೆ ಗಾಳಿಯಲ್ಲೂ ಹಿಡಿಯಿರಿ

ತಂತಿಯಿಂದ ನೇರ ತೆಗೆದದ್ದು ಒಣ. ಎಲ್‌ಎಂ 386 ಆಂಪ್ಲಿಫೈಯರ್ ಒಂದಕ್ಕೆ 8 ಓಮ್ ಸ್ಪೀಕರ್ ಜೋಡಿಸಿ, ಅದನ್ನು ಹಿತ್ತಾಳೆ ಚೆಂಬಿನ ಬಾಯಿಗೆ ಬೋರಲು ಹಾಕಿ, ಮೈಕನ್ನು ಒಂದು ಗೇಣು ದೂರದಲ್ಲಿಡಿ. ಪಾಟ್ ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ಚೆಂಬು ಇದ್ದಕ್ಕಿದ್ದಂತೆ ಜೊತೆಗೂಡಿ ಹಾಡುತ್ತದೆ. ಚೆಂಬಿಗೆ ಅರ್ಧ ನೀರು ಹಾಕಿದರೆ ಆ ಜಾಗ ಮೇಲಕ್ಕೆ ಸರಿಯುತ್ತದೆ (ಸ್ಪೀಕರಿಗೆ ನೀರು ತಾಗದಂತೆ ನೋಡಿಕೊಳ್ಳಿ). ಸ್ಟೀಲ್ ಡಬ್ಬಿ, ಮಡಕೆ, ರಟ್ಟಿನ ಪೆಟ್ಟಿಗೆ, ಎಲ್ಲವೂ ಪರೀಕ್ಷೆಗೆ ಅರ್ಹ. ಸಾಫ್ಟ್‌ವೇರಿನ ರಿವರ್ಬ್‌ಗಿಂತ ಇದು ನನಗೆ ಇಷ್ಟ.

10. ಲೂಪ್ ಹಾಕುವಾಗ ಅಲೆ ಎಣಿಸಿ

ಕತ್ತರಿಸಲು ಆಡಾಸಿಟಿ ಸಾಕು, ದುಡ್ಡು ಕೊಡಬೇಕಿಲ್ಲ. ಸೊನ್ನೆ ಗೆರೆ ದಾಟುವ ಕಡೆ ಕತ್ತರಿಸಿದರೆ ಟಿಕ್ ಎನ್ನುವುದಿಲ್ಲ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಒಂದೇ ಆಸಿಲೇಟರ್ ಆದರೆ ಅಷ್ಟು ಸಾಕು. ಎರಡಿದ್ದಾಗ ಸಾಲದು. ಒಂದು 200 ಹರ್ಟ್ಸ್, ಇನ್ನೊಂದು 203 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಮೂರು ಅಲೆ ಏಳುತ್ತದೆ. ಲೂಪ್ ಒಂದು ಸೆಕೆಂಡ್ ಅಥವಾ ಎರಡು ಸೆಕೆಂಡ್ ಇದ್ದರೆ ಅಲೆಗಳು ಪೂರ್ತಿ ಬಂದು ಕೂಡುತ್ತವೆ. ಒಂದೂಕಾಲು ಸೆಕೆಂಡ್ ಇದ್ದರೆ ಪ್ರತಿ ಸುತ್ತಿಗೂ ಎಡವಿದಂತೆ ಕೇಳುತ್ತದೆ.

ಸ್ಯಾಂಪ್ಲರ್‌ನಲ್ಲಿ ಒಂದು ಸ್ಥಾಯಿ ಮೇಲೆ ನುಡಿಸಿದರೆ ತುಂಡು ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ, ಸೆಕೆಂಡಿಗೆ ಮೂರು ಅಲೆ ಇದ್ದದ್ದು ಆರಾಗುತ್ತದೆ. ಅದು ಬೇಡವೆಂದರೆ ಮೂರು ನಾಲ್ಕು ಮನೆಗೊಂದರಂತೆ ಬೇರೆಬೇರೆ ಸ್ಯಾಂಪಲ್ ತೆಗೆಯಿರಿ, ಪ್ರತಿಯೊಂದರ ಮೂಲಸ್ವರವನ್ನು ಟ್ಯೂನರ್ ಆ್ಯಪ್‌ನಲ್ಲಿ ಅಳೆದು ಫೈಲಿನ ಹೆಸರಿನಲ್ಲೇ ಬರೆಯಿರಿ. ಕೆಳಕ್ಕೆ ಇಳಿಸಿ ನುಡಿಸುವ ಉದ್ದೇಶವಿದ್ದರೆ 44.1 ಬದಲು 96 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. ಚೌಕ ಅಲೆಯ ಉಪಸ್ವರಗಳು ನಮ್ಮ ಕಿವಿಗೆ ಕೇಳದಷ್ಟು ಮೇಲಕ್ಕೂ ಹೋಗುತ್ತವೆ. ಎರಡು ಸ್ಥಾಯಿ ಇಳಿಸಿದಾಗ ಅವು ಕೇಳುವ ವಲಯಕ್ಕೆ ಬಂದು ಸದ್ದಿಗೆ ಹೊಳಪು ಕೊಡುತ್ತವೆ. 44.1ರಲ್ಲಿ 22 ಕಿಲೋಹರ್ಟ್ಸ್ ಆಚೆಯದೆಲ್ಲ ಮೊದಲೇ ಹೋಗಿರುತ್ತದೆ.

11. ಸಾಯುವ ಬ್ಯಾಟರಿಯನ್ನು ಎಸೆಯಬೇಡಿ

9 ವೋಲ್ಟ್ 6ಕ್ಕೆ, 4ಕ್ಕೆ ಇಳಿದಂತೆ ಸ್ವರಗಳು ಜಾರುತ್ತವೆ, ಆಸಿಲೇಟರ್‌ಗಳು ಒಂದನ್ನೊಂದು ಎಳೆದಾಡುತ್ತವೆ, ಕೆಲವೊಮ್ಮೆ ಎರಡು ಸೇರಿ ಒಂದೇ ಸ್ವರಕ್ಕೆ ಬೀಗ ಹಾಕಿಕೊಳ್ಳುತ್ತವೆ. ಹೊಸ ಬ್ಯಾಟರಿಯಲ್ಲೇ ಇದು ಬೇಕಿದ್ದರೆ ಪ್ಲಸ್ ತಂತಿಯ ನಡುವೆ 10 ಕಿಲೋಓಮ್ ಪಾಟ್ ಇಟ್ಟು, 14 ಮತ್ತು 7ರ ನಡುವಿನ ಆ 0.1 ಮೈಕ್ರೋಫ್ಯಾರಡ್ ಕಿತ್ತು ನೋಡಿ. ಈ ರೆಕಾರ್ಡಿಂಗ್‌ಗಳಿಗೆ ಬೇರೆ ಫೋಲ್ಡರ್ ಮಾಡಿ. ಇವಕ್ಕೆ ಲೂಪ್ ಬೇಡ, ಮೂಲಸ್ವರ ಅಳೆಯುವುದೂ ಬೇಡ. ಎರಡೆರಡು ಸೆಕೆಂಡಿನ ತುಂಡು ಮಾಡಿ, ಒಂದೊಂದು ಕೀಲಿಗೆ ಒಂದೊಂದು ಹಾಕಿ, ತಾಳದ ಪೆಟ್ಟುಗಳಿಗೆ ಬಳಸಿ. ಗಟ್ಟಿಯಾದ ಶುರು ಬೇಕಿದ್ದರೆ ಪ್ರತಿ ತುಂಡಿನ ಮೊದಲ ಐದು ಮಿಲಿಸೆಕೆಂಡಿಗೆ ಫೇಡ್ ಹಾಕದೆ ಹಾಗೇ ಬಿಡಿ.