ಕ್ರಾಸ್‌ಬೋ ಕೊಳ್ಳುವ ಮುನ್ನ: ಡಬ್ಬಿ ಮೇಲಿನ ವೇಗ ಏನನ್ನು ಹೇಳಲ್ಲ?

ಕ್ರಾಸ್‌ಬೋ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಯಾವುದಾದರೂ ಸಿನಿಮಾ, ಇಲ್ಲಾಂದ್ರೆ ವಿಡಿಯೋ ಗೇಮ್. ಆದರೆ ಅಮೆರಿಕದ ಒಹಾಯೋ, ಪೆನ್ಸಿಲ್ವೇನಿಯಾ, ಮಿಷಿಗನ್‌ನಂಥ ರಾಜ್ಯಗಳಲ್ಲಿ ಅದು ಅಂಗಡಿಯಲ್ಲಿ ಸಿಗುವ ಸಾಮಾನು. ಅಲ್ಲಿ ಲೈಸೆನ್ಸ್ ಪಡೆದವರು ಬಿಳಿಬಾಲದ ಜಿಂಕೆಯನ್ನು ಬೇಟೆಯಾಡಲು ಅದನ್ನು ಕೊಳ್ಳುತ್ತಾರೆ. ಅದೇ ದೇಶದ ಆರೆಗಾನ್ ರಾಜ್ಯದಲ್ಲಿ ಕ್ರಾಸ್‌ಬೋ ಹಿಡಿದು ಬೇಟೆಗೆ ಹೋಗುವಂತಿಲ್ಲ. ನಮ್ಮಲ್ಲಂತೂ 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನೇ ನಿಷೇಧಿಸಿದೆ. ಅದು ಹೇಳುವ ಆಯುಧಗಳಲ್ಲಿ ಬಿಲ್ಲುಬಾಣವೂ ಇದೆ. ಹಾಗಾಗಿ ಈ ಲೇಖನ ಬೇಟೆಗೆ ಹೊರಡೋಕೆ ಅಲ್ಲ. ಒಂದು ಯಂತ್ರವನ್ನು ನಂಬಬಹುದಾ ಅಂತ ದುಡ್ಡು ಕೊಡುವ ಮೊದಲೇ ಹೇಗೆ ಅಳೆಯೋದು ಅನ್ನೋ ಪಾಠಕ್ಕೆ ಇಷ್ಟು ಚೆನ್ನಾಗಿ ಹೊಂದುವ ಉದಾಹರಣೆ ಕಡಿಮೆ, ಅದಕ್ಕೇ ಇದನ್ನು ಆರಿಸಿಕೊಂಡಿದ್ದೇವೆ.

ರಿಲಯಬಿಲಿಟಿ, ಅಂದರೆ ವಿಶ್ವಾಸಾರ್ಹತೆಗೆ ಪುಸ್ತಕದ ವ್ಯಾಖ್ಯೆ ನಮಗೆ ಗೊತ್ತೇ ಇದೆ: ಹೇಳಿದ ಕೆಲಸವನ್ನು, ಹೇಳಿದ ಪರಿಸ್ಥಿತಿಯಲ್ಲಿ, ಹೇಳಿದಷ್ಟು ಕಾಲ ಕೆಡದೆ ಮಾಡುವ ಸಂಭವನೀಯತೆ. ಇದನ್ನು ಕ್ರಾಸ್‌ಬೋಗೆ ಹಚ್ಚಿ ನೋಡೋಣ. ಕೆಲಸ ಏನು? ಎಳೆದ ಹೆದೆಯನ್ನು ಹಿಡಿದಿಟ್ಟುಕೊಳ್ಳಬೇಕು, ಟ್ರಿಗರ್ ಒತ್ತಿದಾಗ ಮಾತ್ರ ಬಿಡಬೇಕು, ಬಾಣವನ್ನು ಪ್ರತಿಸಲ ಅದೇ ಜಾಗಕ್ಕೆ ಕಳಿಸಬೇಕು. ಪರಿಸ್ಥಿತಿ ಏನು? ನವೆಂಬರ್ ತಿಂಗಳ ಕೊರೆಯುವ ಚಳಿ, ಮಳೆ, ಗಾಡಿಯಲ್ಲಿ ಕುಲುಕಾಟ. ಕಾಲ ಎಷ್ಟು? ಹಲವು ಸೀಸನ್, ನೂರಾರು ಹೊಡೆತ.

ಇದು ತಪ್ಪಿದರೆ ಪೆಟ್ಟು ಬೀಳೋದು ಇಬ್ಬರಿಗೆ. ತೋಳು ಮುರಿದರೆ, ಹೆದೆ ತುಂಡಾದರೆ ಹಿಡಿದವನ ಕೈ, ಮುಖಕ್ಕೆ ಅಪಾಯ. ಬಾಣ ಒಂದು ಗೇಣು ಆಚೀಚೆ ಹೋದರೆ ಪ್ರಾಣಿ ಸಾಯಲ್ಲ, ಗಾಯದೊಂದಿಗೆ ಓಡಿಹೋಗಿ ಎಲ್ಲೋ ನರಳುತ್ತೆ. ಬಂದೂಕಿನ ಹಾಗೆ ಕೂಡಲೇ ಎರಡನೇ ಗುಂಡು ಹೊಡೆಯೋಕೂ ಆಗಲ್ಲ. ಸಿಗೋದು ಒಂದೇ ಹೊಡೆತ.

ಮೊದಲು ಶಕ್ತಿಯ ಲೆಕ್ಕ

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಇರೋದು ವೇಗ, ಸೆಕೆಂಡಿಗೆ ಇಷ್ಟು ಅಡಿ ಅಂತ. 400 ಗ್ರೇನ್ ತೂಕದ ಬಾಣ, ಸೆಕೆಂಡಿಗೆ 400 ಅಡಿ ವೇಗ ಅಂತಿಟ್ಟುಕೊಳ್ಳಿ. ಒಂದು ಗ್ರೇನ್ ಅಂದರೆ 0.0648 ಗ್ರಾಂ, ಹಾಗಾಗಿ ಬಾಣದ ತೂಕ ಸುಮಾರು 26 ಗ್ರಾಂ. ವೇಗ ಸೆಕೆಂಡಿಗೆ 122 ಮೀಟರ್. ಚಲನ ಶಕ್ತಿ ಸುಮಾರು 193 ಜೂಲ್. ಒಂದು ಕೇಜಿ ಅಕ್ಕಿ ಪೊಟ್ಟಣ 20 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಹೆಚ್ಚುಕಡಿಮೆ ಇಷ್ಟೇ ಶಕ್ತಿ ಇರುತ್ತೆ.

ಇಷ್ಟು ಶಕ್ತಿ ಎಲ್ಲಿಂದ ಬಂತು? ಹೆದೆ ಎಳೆಯಲು ಬೇಕಾದ ಗರಿಷ್ಠ ಬಲ 200 ಪೌಂಡ್, ಅಂದರೆ 890 ನ್ಯೂಟನ್. ಎಳೆಯುವ ದೂರ 13 ಇಂಚು, ಅಂದರೆ 0.33 ಮೀಟರ್. ಸಾದಾ ಸ್ಪ್ರಿಂಗಿನ ಹಾಗೆ ತ್ರಿಕೋನದ ಲೆಕ್ಕ ಹಾಕಿದರೆ ಸಂಗ್ರಹವಾಗೋದು 147 ಜೂಲ್ ಮಾತ್ರ. ಇರೋದು 147, ಕೊಡೋದು 193, ಇದು ಹೇಗೆ? ಇಲ್ಲೇ ಕ್ಯಾಮ್ ಬರುತ್ತೆ. ಕಾಂಪೌಂಡ್ ಕ್ರಾಸ್‌ಬೋದಲ್ಲಿ ತೋಳಿನ ತುದಿಯಲ್ಲಿರುವ ಕ್ಯಾಮ್‌ಗಳು ಬಲ ಬೇಗನೆ ಏರಿ, ಮೇಲೇ ನಿಲ್ಲುವ ಹಾಗೆ ಮಾಡುತ್ತವೆ. ಗ್ರಾಫಿನಲ್ಲಿ ತ್ರಿಕೋನದ ಬದಲು ಉಬ್ಬಿದ ಆಕಾರ ಬರುತ್ತೆ, ಅದರ ಕೆಳಗಿನ ವಿಸ್ತೀರ್ಣ ದೊಡ್ಡದು. ಆಯತಾಕಾರ ಆಗಿಬಿಟ್ಟರೂ 294 ಜೂಲ್ ಮೀರಲ್ಲ. ನಿಜವಾದ ಅಂಕಿ ಇವೆರಡರ ಮಧ್ಯೆ.

ಸಂಗ್ರಹವಾದದ್ದೆಲ್ಲ ಬಾಣಕ್ಕೆ ಹೋಗಲ್ಲ ಅನ್ನೋದು ಮುಖ್ಯ. ಉಳಿದದ್ದು ತೋಳು, ಹೆದೆ, ಕ್ಯಾಮ್‌ಗಳ ಚಲನೆಗೆ, ಘರ್ಷಣೆಗೆ, ಕಂಪನಕ್ಕೆ, ಶಬ್ದಕ್ಕೆ ಹೋಗುತ್ತೆ. ಅದೂ ಐದಾರು ಮಿಲಿಸೆಕೆಂಡಿನೊಳಗೆ. ಕ್ರಾಸ್‌ಬೋ ಸವೆಯೋದು ಬಾಣಕ್ಕೆ ಹೋಗದ ಈ ಶಕ್ತಿಯಿಂದ. ಬಾಣ ಇಡದೆ ಟ್ರಿಗರ್ ಒತ್ತಿದರೆ? ಎಲ್ಲಾ ಶಕ್ತಿಯೂ ಯಂತ್ರದ ಮೈಮೇಲೇ ಬೀಳುತ್ತೆ. ಇದಕ್ಕೆ ಡ್ರೈ ಫೈರ್ ಅಂತಾರೆ. ಒಂದೇ ಒಂದು ಡ್ರೈ ಫೈರ್ ತೋಳು ಸೀಳಲು ಸಾಕು. ತಯಾರಕರು ಹೇಳಿದ್ದಕ್ಕಿಂತ ಹಗುರ ಬಾಣ ಹಾಕೋದು ಅಂದರೆ ಡ್ರೈ ಫೈರ್ ಕಡೆಗೆ ಒಂದು ಹೆಜ್ಜೆ ಇಟ್ಟ ಹಾಗೆ.

ವೇಗದ ಆಸೆಗೆ ತೆರುವ ಬೆಲೆ

ಅದೇ 400 ಗ್ರೇನ್ ಬಾಣವನ್ನು 350 ರ ಬದಲು 450 ಅಡಿ ವೇಗದಲ್ಲಿ ಹಾರಿಸುವ ಮಾಡೆಲ್ ಇದೆ ಅನ್ನಿ. ವೇಗ ಹೆಚ್ಚಿದ್ದು 29%. ಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರೋದರಿಂದ ಅದು ಹೆಚ್ಚಿದ್ದು 65%. ಈ ಹೆಚ್ಚುವರಿಯನ್ನು ಪ್ರತಿ ಹೊಡೆತಕ್ಕೂ ತೋಳು, ಹೆದೆ, ಟ್ರಿಗರಿನ ಕೊಂಡಿ ಎಲ್ಲವೂ ಹೊರಬೇಕು.

ಇದರಿಂದ ಸಿಗೋದೆಷ್ಟು? 30 ಗಜ, ಅಂದರೆ 90 ಅಡಿ ದೂರಕ್ಕೆ ಬಾಣ ಹೋಗಲು 350 ಅಡಿ ವೇಗದಲ್ಲಿ 0.26 ಸೆಕೆಂಡ್ ಬೇಕು, 450 ರಲ್ಲಿ 0.20 ಸೆಕೆಂಡ್. ಉಳಿತಾಯ 0.06 ಸೆಕೆಂಡ್. ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ಹೋಗುತ್ತೆ, ಅಂದರೆ ಎರಡೂ ಬಾಣಗಳಿಗಿಂತ ಮೊದಲೇ ಜಿಂಕೆಯ ಕಿವಿ ಮುಟ್ಟುತ್ತೆ. ವೇಗ ಬೇಡ ಅಂತಲ್ಲ. ದೂರದ ಅಂದಾಜು ಸ್ವಲ್ಪ ತಪ್ಪಿದಾಗ ಅದು ನೆರವಾಗುತ್ತೆ. ಆದರೆ ಡಬ್ಬಿಯ ಅಂಕಿ ನೋಡಿದಾಗ ಎರಡು ಪ್ರಶ್ನೆ ಕೇಳಲೇಬೇಕು. ಇದನ್ನು ಎಷ್ಟು ತೂಕದ ಬಾಣದಲ್ಲಿ ಅಳೆದರು? ನಾವು ಬಳಸೋ ಬಾಣದಲ್ಲಿ ಎಷ್ಟು ಬರುತ್ತೆ?

ಭಾಗ ಭಾಗವಾಗಿ ನೋಡೋಣ

ಕ್ರಾಸ್‌ಬೋ ಒಂದು ಸೀರೀಸ್ ಸಿಸ್ಟಮ್. ಯಾವ ಒಂದು ಭಾಗ ಕೈಕೊಟ್ಟರೂ ಇಡೀ ಹೊಡೆತ ಹಾಳು. ಆರು ಮುಖ್ಯ ಭಾಗ, ಪ್ರತಿಯೊಂದೂ ಒಂದು ಸೀಸನ್ ಕೆಡದೆ ಉಳಿಯುವ ಸಂಭವ 0.99 ಅಂದುಕೊಳ್ಳಿ. ಆರನ್ನೂ ಗುಣಿಸಿದರೆ ಬರೋದು 0.94. ಪ್ರತಿ ಭಾಗವೂ ಫಸ್ಟ್ ಕ್ಲಾಸ್, ಆದರೂ ನೂರರಲ್ಲಿ ಆರು ಬಿಲ್ಲು ಸೀಸನ್ ಮುಗಿಯುವುದರೊಳಗೆ ಕೆಡುತ್ತವೆ. ಹಾಗಾಗಿ ಒಟ್ಟಾರೆ ನೋಡೋಕೆ ಗಟ್ಟಿಮುಟ್ಟಾಗಿದೆ ಅಂದರೆ ಸಾಲದು.

ತೋಳು: ಇವು ಹೆಚ್ಚಾಗಿ ಫೈಬರ್‌ಗ್ಲಾಸ್ ಕಾಂಪೊಸಿಟ್. ಉಕ್ಕಿನ ಹಾಗೆ ಬಗ್ಗಿ ಎಚ್ಚರಿಕೆ ಕೊಡಲ್ಲ; ಎಳೆಗಳು ಒಂದೊಂದೇ ಬಿಟ್ಟುಕೊಳ್ಳುತ್ತಾ, ಪದರ ಸೀಳುತ್ತಾ ಹೋಗುತ್ತವೆ. ಬೇಟೆಗಾರರ ಹಳೇ ಉಪಾಯ ಇಲ್ಲಿದೆ: ಹೆದೆ ಎಳೆಯದೆ ಇರುವಾಗ ಹತ್ತಿಯ ಉಂಡೆಯನ್ನು ತೋಳಿನ ಉದ್ದಕ್ಕೂ ಸವರೋದು. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳು ಶುರುವಾಗಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದನ್ನು ಬಿಡಲೇಬಾರದು, ಯಾಕಂದ್ರೆ ಹಿಂದಿನ ಮಾಲೀಕ ಡ್ರೈ ಫೈರ್ ಮಾಡಿದ್ದು ಹೊರಗೆ ಕಾಣದೇ ಇರಬಹುದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟಿದ್ದರೂ ತೋಳಿನ ರೆಸಿನ್‌ಗೆ ಒಳ್ಳೇದಲ್ಲ.

ಹೆದೆ ಮತ್ತು ಕೇಬಲ್: ಇವು ಸವೆಯೋಕೆಂದೇ ಇರೋದು, ಬೈಕಿನ ಬ್ರೇಕ್ ಪ್ಯಾಡ್ ಇದ್ದ ಹಾಗೆ. ಹೆದೆಯ ನಡುಭಾಗಕ್ಕೆ ಸುತ್ತಿದ ದಾರ ಹಳಿಗೆ ಉಜ್ಜಿ ಉಜ್ಜಿ ಬಿಚ್ಚಿಕೊಳ್ಳುತ್ತೆ. ಯಾವಾಗ ಬದಲಿಸಬೇಕು, ಎಷ್ಟು ಖರ್ಚು, ಯಾರು ಬದಲಿಸುತ್ತಾರೆ? ಕಾಂಪೌಂಡ್‌ನಲ್ಲಿ ಸಾಮಾನ್ಯವಾಗಿ ತೋಳನ್ನು ಅದುಮಿ ಹಿಡಿಯಲು ಪ್ರೆಸ್ ಬೇಕು, ಅಂದರೆ ಅಂಗಡಿಗೇ ಹೋಗಬೇಕು. ಕ್ಯಾಮ್ ಇಲ್ಲದ ರಿಕರ್ವ್ ಮಾದರಿಯಲ್ಲಿ ಒಂದು ಸಹಾಯಕ ಹಗ್ಗ ಇದ್ದರೆ ಕಾಡಿನಲ್ಲೇ ಹೆದೆ ಬದಲಿಸಬಹುದು. ರಿಕರ್ವ್ ಅಗಲ ಜಾಸ್ತಿ, ಎಳೆಯೋದೂ ಕಷ್ಟ. ಆದರೆ ಭಾಗ ಕಡಿಮೆ, ಕೆಡುವ ದಾರಿಗಳೂ ಕಡಿಮೆ.

ಟ್ರಿಗರ್: ಹೆದೆ ಎಳೆದು ಕೂರಿಸಿದ ತಕ್ಷಣ ಸೇಫ್ಟಿ ತಾನಾಗಿಯೇ ಬೀಳುತ್ತಾ? ಬಾಣವಿಲ್ಲದೆ ಹೆದೆ ಬಿಡದಂತೆ ತಡೆಯುವ ವ್ಯವಸ್ಥೆ ಇದೆಯಾ? ಇದೆ ಅಂದರೆ ನಂಬಿ, ಪರೀಕ್ಷೆ ಮಾಡೋಕೆ ಅಂತ ಖಾಲಿ ಟ್ರಿಗರ್ ಒತ್ತಬೇಡಿ. ಎಷ್ಟು ಬಲಕ್ಕೆ ಟ್ರಿಗರ್ ಬಿಡುತ್ತೆ ಅಂತ ಅಳೆಯುವ ಸಣ್ಣ ತಕ್ಕಡಿ ಸಿಗುತ್ತೆ. ಬಾಣ ಇಟ್ಟು, ಟಾರ್ಗೆಟ್ ಕಡೆ ಗುರಿಯಿಟ್ಟು ಐದು ಸಲ ಅಳೆದರೆ ಐದೂ ಹತ್ತಿರ ಹತ್ತಿರ ಇರಬೇಕು. ಸರಾಸರಿಗಿಂತ ಹರಡು ಮುಖ್ಯ.

ನಾಕ್: ಬಾಣದ ಹಿಂಬದಿಯಲ್ಲಿ ಹೆದೆ ಕೂರುವ ಪುಟ್ಟ ಪ್ಲಾಸ್ಟಿಕ್ ತುಂಡು. ಚಪ್ಪಟೆ, ಅರ್ಧಚಂದ್ರ ಅಂತ ಹಲವು ಬಗೆ. ಆ ಬಿಲ್ಲಿಗೆ ಹೇಳಿದ ಬಗೆ ಬಿಟ್ಟು ಬೇರೆ ಹಾಕಿದರೆ ಹೆದೆ ಬಾಣದ ಮೇಲೋ ಕೆಳಗೋ ಜಾರಿ, ಬಾಣ ಇದ್ದೂ ಡ್ರೈ ಫೈರ್ ಆಗಬಹುದು. ಇಡೀ ಯಂತ್ರದ ಅತಿ ಅಗ್ಗದ ಭಾಗ ಅತಿ ದುಬಾರಿ ಭಾಗವನ್ನು ಮುರಿಯುವ ಬಗೆ ಇದು.

ಬೆರಳಿನ ತಡೆ: ಮುಂಗೈ ಹಿಡಿಯುವ ಜಾಗದಲ್ಲಿ ಹೆಬ್ಬೆರಳು ಹಳಿಯ ಮಟ್ಟಕ್ಕಿಂತ ಮೇಲೆ ಬಂದರೆ ಹಾದುಹೋಗುವ ಹೆದೆ ಅದನ್ನು ಬಿಡಲ್ಲ. ತಡೆ ಇಲ್ಲದ ಬಿಲ್ಲು ಎಷ್ಟೇ ವೇಗದ್ದಾದರೂ ಬೇಡ.

ಎಷ್ಟು ಹೊಡೆತ ನೋಡಿದರೆ ಸಾಕು?

"ಹತ್ತು ಬಾಣ ಹೊಡೆದೆ, ಸೂಪರ್ ಆಗಿದೆ" ಅನ್ನೋ ವಿಮರ್ಶೆಗೆ ಎಷ್ಟು ಬೆಲೆ ಕೊಡಬಹುದು? ಪ್ರತಿ ಹೊಡೆತಕ್ಕೆ ತೊಂದರೆಯಾಗುವ ಸಂಭವ 10% ಇರುವ ಕೆಟ್ಟ ಬಿಲ್ಲನ್ನೇ ತಗೊಳ್ಳಿ. ಅದರಲ್ಲೂ ಹತ್ತು ಹೊಡೆತ ಸತತವಾಗಿ ಚೆನ್ನಾಗಿ ಬರುವ ಸಂಭವ 0.9 ರ ಹತ್ತನೇ ಘಾತ, ಅಂದರೆ 35%. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕೆಟ್ಟ ಬಿಲ್ಲನ್ನು ಹೊಗಳಿಯೇ ಬಿಡುತ್ತಾರೆ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಮೂರರ ನಿಯಮ ಅಂತ ಒಂದಿದೆ. ಒಂದೂ ತೊಂದರೆ ಕಾಣದಿದ್ದರೆ, ಮೂರನ್ನು ಹೊಡೆತಗಳ ಸಂಖ್ಯೆಯಿಂದ ಭಾಗಿಸಿ. ತೊಂದರೆಯ ಸಂಭವ ಅದಕ್ಕಿಂತ ಕಡಿಮೆ ಅಂತ 95% ವಿಶ್ವಾಸದಿಂದ ಹೇಳಬಹುದು. 30 ಹೊಡೆತಕ್ಕೆ 10%, 300 ಹೊಡೆತಕ್ಕೆ 1%. ಆದರೂ ಹುಷಾರು: ಈ ನಿಯಮ ಪ್ರತಿ ಹೊಡೆತವೂ ಸ್ವತಂತ್ರ ಅಂತ ಭಾವಿಸುತ್ತೆ. ಸವೆಯುವ ಯಂತ್ರದಲ್ಲಿ 301 ನೇ ಹೊಡೆತ ಒಂದನೆಯದರ ಹಾಗಲ್ಲ. ಒಂದೇ ಬಿಲ್ಲಿನ 300 ಹೊಡೆತ ಆ ಮಾಡೆಲ್‌ನ ಎಲ್ಲಾ ಬಿಲ್ಲುಗಳ ಬಗ್ಗೆ ಹೇಳೋದೂ ಇಲ್ಲ. ಒಬ್ಬರ ಹತ್ತು ಬಾಣಕ್ಕಿಂತ ಎರಡು ಮೂರು ಸೀಸನ್ ಬಳಸಿದ ಹಲವರ ಮಾತು ಹೆಚ್ಚು ತೂಕದ್ದು ಅನ್ನೋದು ಇದಕ್ಕೇ.

ಅಂಗಡಿಯ ರೇಂಜ್‌ನಲ್ಲಿ ಹೊಡೆದು ನೋಡಲು ಬಿಟ್ಟರೆ ಒಂದೇ ಬಾಣವನ್ನು ಮತ್ತೆ ಮತ್ತೆ ಹೊಡೆದು ಗುರುತು ಹಾಕಿಕೊಳ್ಳಬೇಕು; ಆಗ ಬಾಣ ಬಾಣಗಳ ನಡುವಿನ ವ್ಯತ್ಯಾಸ ಲೆಕ್ಕದಿಂದ ಹೊರಗುಳಿಯುತ್ತೆ. ಗುಂಪಿನ ಕೇಂದ್ರ ಗುರಿಯಿಂದ ಸರಿದಿದೆ, ಹರಡು ಚಿಕ್ಕದು ಅಂದರೆ ಸ್ಕೋಪ್ ತಿರುಗಿಸಿ ಸರಿಮಾಡಬಹುದು. ಹರಡೇ ದೊಡ್ಡದಾದರೆ ಸ್ಕೋಪ್ ಏನೂ ಮಾಡಲ್ಲ: ಸಡಿಲ ಸ್ಕ್ರೂ, ತಾಳ ತಪ್ಪಿದ ಕ್ಯಾಮ್, ಹೊಡೆಯುವವನ ಕೈ, ಇವುಗಳಲ್ಲಿ ಯಾವುದೋ ಒಂದು.

ಕೊಂಡ ಮೇಲೆ, ವಾಪಸ್ ಕೊಡುವ ಗಡುವು ಮುಗಿಯುವ ಮೊದಲು ಮಾಡಬೇಕಾದ ಪರೀಕ್ಷೆ ಇನ್ನೊಂದಿದೆ. ಪ್ರತಿದಿನ ಒಂದೇ ಒಂದು ಬಾಣ, ದಿನದ ಮೊದಲ ಹೊಡೆತ, ಹೊರಗಿನ ಚಳಿಯಲ್ಲಿ. ಹತ್ತು ದಿನದ ಹತ್ತು ಗುರುತುಗಳನ್ನು ಒಂದೇ ಹಾಳೆಯಲ್ಲಿ ಸೇರಿಸಿದರೆ ಬರುವ ಗುಂಪೇ ನಿಜವಾದ ಗುಂಪು. ಕಾಡಿನಲ್ಲಿ ಯಾರಿಗೂ ಹನ್ನೊಂದನೇ ಹೊಡೆತ ಸಿಗಲ್ಲ, ಸಿಗೋದು ಮೊದಲನೆಯದೇ. ವಿಶ್ವಾಸಾರ್ಹತೆಯನ್ನು ಅಳೆಯಬೇಕಾದದ್ದೂ ಅಲ್ಲೇ.

ಕೊನೆಗೆ ಕಾಗದಪತ್ರ

ವಾರಂಟಿ ಎಷ್ಟು ವರ್ಷ ಅನ್ನೋದಕ್ಕಿಂತ ಏನನ್ನು ಬಿಟ್ಟಿದೆ ಅಂತ ಓದಬೇಕು. ಹೆದೆ, ಕೇಬಲ್, ಡ್ರೈ ಫೈರ್‌ನಿಂದಾದ ಹಾನಿ ಸಾಮಾನ್ಯವಾಗಿ ಹೊರಗಿರುತ್ತವೆ. ಎರಡನೇ ಮಾಲೀಕನಿಗೆ ಅದು ಸಲ್ಲುತ್ತಾ ಅಂತಲೂ ಕೇಳಬೇಕು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಪಾಯಕಾರಿ ಅಂತ ವಾಪಸ್ ಕರೆಸಿದ ವಸ್ತುಗಳ ಪಟ್ಟಿ ಇಡುತ್ತೆ; ಅದರಲ್ಲಿ ಕ್ರಾಸ್‌ಬೋಗಳೂ, ಬಾಣದ ನಾಕ್‌ಗಳೂ ಬಂದಿವೆ. ಮಾಡೆಲ್ ಹೆಸರು ಹಾಕಿ ಹುಡುಕಲು ಎರಡು ನಿಮಿಷ ಸಾಕು.

ಮಾಡಿ ನೋಡಿ

1. 450 ಗ್ರೇನ್ ಬಾಣ, ಸೆಕೆಂಡಿಗೆ 380 ಅಡಿ ವೇಗ. ಶಕ್ತಿ ಎಷ್ಟು ಜೂಲ್? ಮೇಲಿನ 193 ರ ಜೊತೆ ಹೋಲಿಸಿ. ಯಾವ ಬಿಲ್ಲು ಹೆಚ್ಚು ಶಕ್ತಿ ಕೊಟ್ಟಿತು, ಡಬ್ಬಿ ನೋಡಿದವರು ಯಾವುದನ್ನು ಆರಿಸುತ್ತಿದ್ದರು?

2. ಸೀರೀಸ್ ಸಿಸ್ಟಮ್‌ನ ಆರು ಭಾಗಗಳಲ್ಲಿ ಐದರ ವಿಶ್ವಾಸಾರ್ಹತೆ 0.99, ನಾಕ್‌ನದು ಮಾತ್ರ 0.90. ಒಟ್ಟು ಎಷ್ಟು? ಒಂದೇ ಭಾಗಕ್ಕೆ ದುಡ್ಡು ಹಾಕಬಹುದಾದರೆ ಯಾವುದಕ್ಕೆ ಹಾಕುತ್ತೀರಿ?

3. ನೀವು ಮುಂದೆ ಕೊಳ್ಳಬೇಕೆಂದಿರುವ ಹೆಲ್ಮೆಟ್, ಸೈಕಲ್ ಅಥವಾ ಲ್ಯಾಪ್‌ಟಾಪನ್ನು ತಗೊಳ್ಳಿ. ಅದರ ಡಬ್ಬಿ ಮೇಲಿನ ದಪ್ಪ ಅಂಕಿ ಯಾವುದು? ಆ ಅಂಕಿ ಹೆಚ್ಚಾದಷ್ಟೂ ಯಾವ ಭಾಗದ ಮೇಲೆ ಹೊರೆ ಬೀಳುತ್ತೆ? ಅದರ "ಮೊದಲ ಹೊಡೆತ" ಯಾವುದು?