ಛಾಯಾಚಿತ್ರದಲ್ಲಿ ವಸ್ತುವಿನ ಸ್ಥಾನವೂ ಅಂಚಿನ ಕತ್ತರಿಯೂ

ಚಿತ್ರಗಾರನು ಬರಿಯ ಹಾಳೆಯ ಮೇಲೆ ತನಗೆ ಬೇಕಾದುದನ್ನು ಸೇರಿಸುತ್ತ ಹೋಗುತ್ತಾನೆ. ಛಾಯಾಗ್ರಾಹಕನಾದರೋ ತುಂಬಿದ ಪ್ರಪಂಚದಿಂದ ಬೇಡವಾದುದನ್ನು ಕಳೆಯುತ್ತ ಬರುತ್ತಾನೆ. ಹೀಗೆ ಕಳೆಯಲು ಅವನಿಗೆ ಎರಡು ಅವಕಾಶಗಳುಂಟು: ಚಿತ್ರ ತೆಗೆಯುವಾಗ ವಸ್ತುವನ್ನು ಚೌಕಟ್ಟಿನ ಯಾವ ಎಡೆಯಲ್ಲಿ ಇರಿಸಬೇಕೆಂಬ ನಿರ್ಧಾರ, ತೆಗೆದ ಮೇಲೆ ಅಂಚುಗಳನ್ನು ಕತ್ತರಿಸುವ ನಿರ್ಧಾರ. ಇವು ಅಂದದ ಪ್ರಶ್ನೆಗಳಷ್ಟೇ ಅಲ್ಲ, ನ್ಯಾಯದ ಪ್ರಶ್ನೆಗಳೂ ಹೌದೆಂದು ಸಹಪಾಠಿಗಳ ಮುಂದೆ ನಿವೇದಿಸುವುದು ನನ್ನ ಉದ್ದೇಶ.

ಹೊಸದಾಗಿ ಕ್ಯಾಮರಾ ಹಿಡಿದವರು ವಸ್ತುವನ್ನು ನಟ್ಟನಡುವೆ ಇಡುವುದು ವಾಡಿಕೆ. ಇದಕ್ಕೆ ಮದ್ದಾಗಿ ಒಂದು ಸೂತ್ರವುಂಟು. ಚೌಕಟ್ಟನ್ನು ಎರಡು ಅಡ್ಡಗೆರೆ, ಎರಡು ಉದ್ದಗೆರೆಗಳಿಂದ ಒಂಬತ್ತು ಮನೆಗಳಾಗಿ ವಿಂಗಡಿಸಿ, ಗೆರೆಗಳು ಕೂಡುವ ನಾಲ್ಕು ಬಿಂದುಗಳಲ್ಲೊಂದರ ಬಳಿ ವಸ್ತುವನ್ನು ಇಡಬೇಕು. ಈ ಮಾತು ಕ್ಯಾಮರಾಕ್ಕಿಂತ ಹಳೆಯದು. ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬಾತನು 1797ರಲ್ಲೇ ನಿಸರ್ಗಚಿತ್ರಗಳ ಸಂದರ್ಭದಲ್ಲಿ ಮೂರನೆಯ ಒಂದು ಪಾಲಿನ ಈ ನಿಯಮವನ್ನು ಹೆಸರಿಸಿದನು. ಎಡಕ್ಕೆ ನೋಡುವ ಮುಖಕ್ಕೆ ಎಡಗಡೆಯೇ ಹೆಚ್ಚು ಬಯಲು ಬಿಡಬೇಕೆಂಬುದೂ ಇಂತಹುದೇ. ಇಲ್ಲವಾದರೆ ಗೋಡೆಗೆ ಮುಖವಿಟ್ಟು ಕುಳಿತಂತೆ ತೋರುತ್ತದೆ.

ಆದರೆ ಸೂತ್ರವು ಊರುಗೋಲೇ ಹೊರತು ಕಾಲಲ್ಲ. 1946ರಲ್ಲಿ ಆರ್ನಾಲ್ಡ್ ನ್ಯೂಮನ್ ತೆಗೆದ ಸಂಗೀತಕಾರ ಸ್ಟ್ರಾವಿನ್ಸ್ಕಿಯ ಚಿತ್ರವನ್ನು ನೋಡಿರಿ. ಸಂಗೀತಕಾರನು ಕೆಳಗಿನ ಎಡಮೂಲೆಯಲ್ಲಿ ಚಿಕ್ಕದಾಗಿದ್ದಾನೆ. ಉಳಿದ ಸ್ಥಳವನ್ನೆಲ್ಲ ಪಿಯಾನೋದ ಎತ್ತಿದ ಕಪ್ಪು ಮುಚ್ಚಳವೇ ಆವರಿಸಿದೆ. ಮೂಗಿಗಿಂತ ಮೂಗುತಿ ಭಾರವೆನ್ನಬಹುದು. ಆದರೆ ಆ ಮುಚ್ಚಳವು ಪಾಶ್ಚಾತ್ಯ ಸ್ವರಲಿಪಿಯ ಒಂದು ಚಿಹ್ನೆಯಂತೆ ಕಾಣುತ್ತ ಆತನ ಬಾಳನ್ನೇ ಸಾರುತ್ತದೆ. ನ್ಯೂಮನ್ ಇದನ್ನು ಸಾಧಿಸಿದ್ದು ಮೂಲಚಿತ್ರದ ಅಂಚುಗಳನ್ನು ಬಹಳವಾಗಿ ಕತ್ತರಿಸಿ.

ಇದಕ್ಕೆ ಪ್ರತಿಪಕ್ಷ ಫ್ರಾನ್ಸಿನ ಕಾರ್ತಿಯೇ-ಬ್ರೆಸ್ಸಾನ್. ಚೌಕಟ್ಟನ್ನು ಕಣ್ಣೇ ಆಗಲೇ ಕಟ್ಟಬೇಕು, ಕತ್ತರಿ ಸಲ್ಲದೆಂಬುದು ಆತನ ನಿಲುವು. ಆದರೂ 1932ರಲ್ಲಿ ಪ್ಯಾರಿಸಿನ ರೈಲುನಿಲ್ದಾಣದ ಹಿಂದೆ ನೀರಿನ ಮೇಲೆ ಹಾರುವವನ ಆತನ ಪ್ರಸಿದ್ಧ ಚಿತ್ರವೇ ಕತ್ತರಿಸಿದ್ದು. ಬೇಲಿಯ ಸಂದಿನಿಂದ ತೆಗೆದುದರಿಂದ ಒಂದು ಮಗ್ಗುಲು ಮರೆಯಾಗಿತ್ತು.

ಕತ್ತರಿಯ ಅಪಾಯವನ್ನು ಕ್ಯೂಬಾದ ಚಿತ್ರವೊಂದು ತೋರಿಸುತ್ತದೆ. ಹಡಗಿನ ಸ್ಫೋಟದಲ್ಲಿ ಮಡಿದವರಿಗಾಗಿ 1960ರ ಮಾರ್ಚ್ 5ರಂದು ಹವಾನಾದಲ್ಲಿ ಸಭೆ ಸೇರಿತ್ತು. ಅಲ್ಲಿ ಆಲ್ಬರ್ಟೋ ಕೊರ್ಡಾ ತೆಗೆದ ಚೆ ಗುವಾರಾನ ಚಿತ್ರದಲ್ಲಿ ಒಂದು ಕಡೆ ಇನ್ನೊಬ್ಬನ ಮುಖ, ಮತ್ತೊಂದು ಕಡೆ ತಾಳೆಯ ಗರಿಗಳಿದ್ದವು. ಎರಡನ್ನೂ ಕಳೆದ ಮೇಲೆ ಉಳಿದದ್ದು ಮುಖವೊಂದೇ. ಅದು ಲೋಕಪ್ರಸಿದ್ಧವಾಯಿತು, ಅದು ಶೋಕಸಭೆಯ ಮುಖವೆಂಬ ಸಂಗತಿ ಮಾತ್ರ ಚಿತ್ರದಿಂದ ಹೊರಬಿದ್ದಿತು.

ಇನ್ನು ಲೆಕ್ಕದ ಮಾತು. ಅಗಲದಲ್ಲಿ 6000, ಎತ್ತರದಲ್ಲಿ 4000 ಬಿಂದುಗಳ ಚಿತ್ರದಲ್ಲಿ ಒಟ್ಟು 2.4 ಕೋಟಿ ಬಿಂದುಗಳಿರುತ್ತವೆ. ಎರಡು ಅಳತೆಗಳನ್ನೂ ಅರ್ಧಕ್ಕಿಳಿಸಿದರೆ ಉಳಿಯುವುದು ಅರ್ಧವಲ್ಲ, ಕಾಲುಪಾಲು: 60 ಲಕ್ಷ. ಆದುದರಿಂದ ಕತ್ತರಿಯನ್ನು ನೆಚ್ಚುವುದಕ್ಕಿಂತ ಎರಡು ಹೆಜ್ಜೆ ಮುಂದಿಡುವುದೇ ಲೇಸು.

ಅಗಲ ಎತ್ತರಗಳು ಇದೇ ಪ್ರಮಾಣದಲ್ಲಿರುವ ತರಗತಿಯ ಗುಂಪುಚಿತ್ರವನ್ನು ತೆಗೆದುಕೊಳ್ಳೋಣ. 8 ಇಂಚು ಎತ್ತರಕ್ಕೆ ಅದು ಪೂರ್ಣವಾಗಿ ಮೂಡಲು 12 ಇಂಚು ಅಗಲದ ಕಾಗದ ಬೇಕು. 10 ಇಂಚಿನ ಕಾಗದವನ್ನು ತುಂಬಿಸಹೊರಟರೆ ಎರಡು ತುದಿಗಳಲ್ಲೂ ಒಂದೊಂದು ಇಂಚು ಹೋಗುತ್ತದೆ. ನಡುವೆ ಕುಳಿತ ಹಿರಿಯರಿಗೆ ಇದರಿಂದ ಏನೂ ಆಗದು. ತುದಿಯಲ್ಲಿ ನಿಲ್ಲುವವರು ಯಾರು? ಸಂಕೋಚದ ವಿದ್ಯಾರ್ಥಿ, ಬೆಂಚುಗಳನ್ನು ಹೊತ್ತು ತಂದು ಕಡೆಗೆ ಬಂದು ನಿಂತ ಜವಾನ. ಬಹುಶಃ ಆತನಿಗೆ ಕಾಲೇಜಿನ ನೆನಪಾಗಿ ಉಳಿಯುವುದು ಅದೊಂದೇ ಚಿತ್ರ.

ಆದುದರಿಂದ ಅಂಚಿಗೆ ಕತ್ತರಿ ಇಡುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನ್ನ ಬಿನ್ನಹ: ಇದನ್ನು ತೆಗೆದರೆ ವಸ್ತು ಸ್ಪಷ್ಟವಾಗುವುದೇ? ಇದನ್ನು ತೆಗೆದರೆ ಸತ್ಯ ಕುಂದುವುದೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಮಾತ್ರ ಕತ್ತರಿ ಮುಂದುವರಿಯಲಿ.