ಹಿಡಿತವೂ ಅಳತೆಯೂ

ಸೂಕ್ಷ್ಮ ಅಳತೆಯೆಲ್ಲ ಯಂತ್ರದ ಮಹಿಮೆಯೆಂದು ಅನೇಕರ ಭಾವನೆ, ನಾನು ಒಪ್ಪಲಾರೆ. ಕಾರ್ಖಾನೆಯವರು ಸಿ.ಎಂ.ಎಂ. ಎನ್ನುವ ನಿರ್ದೇಶಾಂಕ ಮಾಪನ ಯಂತ್ರದಲ್ಲಿ 40 ತೆಳು ಉಕ್ಕಿನ ಬಳೆಗಳನ್ನು ಅಳೆಯಬೇಕೆನ್ನಿ. ಸಾಲುಗೂಡುಗಳಿರುವ ಹಲಗೆಯಲ್ಲಿ ಎಲ್ಲವನ್ನೂ ಒಮ್ಮೆಗೇ ಕೂರಿಸಿದರೆ, ಯಂತ್ರದ ಸ್ಪರ್ಶಕಡ್ಡಿ ತಾನಾಗಿ ಗೂಡಿನಿಂದ ಗೂಡಿಗೆ ಹೋಗಿ ಮುಟ್ಟಿ ಅಳೆಯುತ್ತದೆ. ಕಡ್ಡಿ ಇಳಿಯಲು ನಡುವೆ ಎಡೆಯಿರಬೇಕು, ಅಷ್ಟೆ. ಕಷ್ಟವಿರುವುದು ಹಿಡಿತದಲ್ಲಿ. ಮೂರು ಕಡೆಯಿಂದ ಬಿಗಿದ ಬಳೆ ಮುಮ್ಮೂಲೆಯಾಗಿ ಬಾಗುತ್ತದೆ. ಬಿಟ್ಟೊಡನೆ ಮತ್ತೆ ದುಂಡಗಾಗುತ್ತದೆ. ಒಳ್ಳೆಯ ಬಳೆ ಕಸದ ಪಾಲಾಯಿತು! ಆದ್ದರಿಂದ ಕೆಳಗೆ ಮೂರು ಆಧಾರಬಿಂದುಗಳು, ಬದಿಯಲ್ಲಿ ಆತುಕೊಳ್ಳಲು ಎರಡು ಗೂಟಗಳು, ಮೇಲಿನಿಂದ ಆ ಮೂರು ಬಿಂದುಗಳ ನೇರಕ್ಕೇ ಹಗುರವಾದ ಒತ್ತು, ಇಷ್ಟೇ ಸಾಕು. ಇನ್ನು ಕೈಯ ಬಿಸಿ. 100 ಮಿಲಿಮೀಟರ್ ಉಕ್ಕು 1 ಡಿಗ್ರಿಗೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಅಳತೆಗೆ ಗೊತ್ತುಮಾಡಿದ ಉಷ್ಣತೆ 20 ಡಿಗ್ರಿ ಸೆಂಟಿಗ್ರೇಡ್. ಹಲಗೆ ತುಂಬಿದ ಮೇಲೆ, ಬಳೆಗಳು ಅಷ್ಟಕ್ಕೆ ಇಳಿಯುವವರೆಗೆ ಕಾಯಲೇಬೇಕು.